ಹಾಸಿಗೆ ಭಾಯಿ ಹತ್ತಿದ ಬೆಟ್ಟ

ಮಸೀದಿಯ ಬಾಗಿಲಲ್ಲಿ ಚಪ್ಪಲಿ ಬಿಡುವ ಮರದ ಗೂಡುಗಳಿರುತ್ತವಲ್ಲ, ಅಷ್ಟು ವಿವರವಾಗಿ ಸುದ್ದಿ ಕೊಡುವ ಪತ್ರಿಕೆ ಆ ಬಡಾವಣೆಯಲ್ಲಿ ಇನ್ನೊಂದಿರಲಿಲ್ಲ. ಯಾರ ಹಿಮ್ಮಡಿ ಸವೆದಿದೆ, ಯಾರ ಅಳಿಯ ಹೊಳೆಯುವ ಶೂ ತಂದುಕೊಟ್ಟಿದ್ದಾನೆ, ಯಾರು ಅವಸರದಲ್ಲಿ ಹೆಂಡತಿಯ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಾರೆ, ಎಲ್ಲವೂ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಒಳಗೆ ಹೋದ ಮೇಲೆ ಎಲ್ಲರೂ ಸಮಾನರು. ಹೊರಗಿನ ಗೂಡಿನಲ್ಲಿ ಮಾತ್ರ ಒಬ್ಬೊಬ್ಬರ ಬಂಡವಾಳವೂ ಬಯಲಾಗಿರುತ್ತಿತ್ತು.

ಅಂಥ ಗೂಡಿನಲ್ಲಿ ಒಂದು ಭಾನುವಾರ ಸಂಜೆ ಒಂದು ಜೊತೆ ಬೂಟು ಕಾಣಿಸಿಕೊಂಡಿತು. ಅಂತಿಂಥ ಬೂಟಲ್ಲ. ಇಟ್ಟಿಗೆಯಷ್ಟು ದಪ್ಪ ಅಟ್ಟೆ, ಮೊಣಕಾಲಿಗೆಂದು ಹೊರಟು ಅರ್ಧದಲ್ಲಿ ಮನಸ್ಸು ಬದಲಾಯಿಸಿದಂತಿದ್ದ ಕತ್ತು, ಲೇಸು ಸಿಕ್ಕಿಸಲು ಹಿತ್ತಾಳೆಯ ಕೊಕ್ಕೆಗಳು, ಗಿಣ್ಣಿನವರೆಗೂ ಮೆತ್ತಿದ ಕೆಂಪು ಕೆಸರು. ಅಕ್ಕಪಕ್ಕದ ಚಪ್ಪಲಿಗಳು ಹೆದರಿ ಸರಿದು ನಿಂತಂತೆ ಕಾಣುತ್ತಿದ್ದವು.

ಬೂಟಿನ ಒಡೆಯ ಹಾಸಿಗೆ ಭಾಯಿ. ಬೀದಿಯ ಮೂಲೆಯಲ್ಲಿ ಅವನದು ಹಾಸಿಗೆ ದಿಂಬಿನ ಅಂಗಡಿ. ಬಡಾವಣೆಗೆ ಬಡಾವಣೆಯೇ ಅವನು ಹೊಲಿದ ಹಾಸಿಗೆಯ ಮೇಲೆ ಗೊರಕೆ ಹೊಡೆಯುತ್ತಿದ್ದುದರಿಂದ ಅವನ ಸ್ವಂತ ಹೆಸರು ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

ನಿಜ ಸಂಗತಿ ಬಹಳ ಸಣ್ಣದು. ಭಾನುವಾರ ಊಟವಾದ ಮೇಲೆ "ಗೋದಾಮಿನಲ್ಲಿ ಸ್ವಲ್ಪ ಕೆಲಸ ಇದೆ" ಎಂದು ಹೆಂಡತಿಗೆ ಹೇಳಿ ಹೊರಡುತ್ತಿದ್ದ ಅವನು, ಅಲ್ಲಿ ಸೂರಿನವರೆಗೂ ಪೇರಿಸಿಟ್ಟ ಹೊಸ ಹಾಸಿಗೆಗಳ ಮೇಲೆ ಹತ್ತಿ ಸಂಜೆಯವರೆಗೆ ನಿದ್ದೆ ಮಾಡುತ್ತಿದ್ದ. ಅವನ ಜೀವಮಾನದ ಅತಿ ಎತ್ತರದ ಆರೋಹಣ ಅದೇ. ಆ ವಾರ ಗೋದಾಮಿನ ಹಿಂದೆ ನೀರಿನ ಪೈಪು ಒಡೆದು ಓಣಿಯೆಲ್ಲ ಕೆಸರಾಗಿತ್ತು. ಹಳೆಯ ಬಾಡಿಗೆದಾರ ಬಿಟ್ಟುಹೋಗಿದ್ದ ಬೂಟು ಮೂಲೆಯಲ್ಲಿತ್ತು. ಹಾಕಿಕೊಂಡು ಬಂದ. ಅಷ್ಟೇ.

ಆದರೆ ಆ ಬೂಟು ಬಿಚ್ಚುವುದು ಸುಲಭವಾಗಿರಲಿಲ್ಲ. ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗಂಟು ಬಿದ್ದ ಲೇಸಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿರುವಾಗಲೇ ಮಸೀದಿ ಕಮಿಟಿಯ ಅಧ್ಯಕ್ಷರು ಬಂದರು. ಕನ್ನಡಕ ಸರಿಪಡಿಸಿಕೊಂಡು ಬೂಟನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ ಭಾಯಿ, ಬೆಟ್ಟಕ್ಕೆ ಹೋಗಿದ್ಯಾ?"

ಹಲ್ಲಿನಲ್ಲಿ ಲೇಸು ಕಚ್ಚಿಕೊಂಡವನು "ಹೂಂ" ಅಲ್ಲದೆ ಬೇರೇನು ಹೇಳಿಯಾನು?

"ಒಬ್ಬನೇ?"

"ಹೂಂ."

"ಪ್ರತಿ ವಾರಾನಾ?"

ಅಷ್ಟರಲ್ಲಿ ಲೇಸು ಬಾಯಿಂದ ಹೊರಬಂದಿತ್ತು. ಇಲ್ಲ ಎನ್ನಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅಧ್ಯಕ್ಷರ ಹಿಂದೆ ನಾಲ್ಕಾರು ಜನ ನೆರೆದಿದ್ದರು, ಅವರೆಲ್ಲರ ಮುಖದಲ್ಲಿ ಹಾಸಿಗೆ ಭಾಯಿ ಜೀವನದಲ್ಲಿ ಮೊದಲ ಬಾರಿಗೆ ಮರ್ಯಾದೆ ಎಂಬ ಪದಾರ್ಥವನ್ನು ಕಂಡ. "ಏನೋ, ಆದಾಗ..." ಎಂದು ವಿನಯದಿಂದ ತಲೆ ತಗ್ಗಿಸಿದ. ಸುಳ್ಳಿಗೆ ವಿನಯ ಸೇರಿದರೆ ಅದನ್ನು ಅಲುಗಾಡಿಸಲು ಯಾರಿಂದಲೂ ಆಗುವುದಿಲ್ಲ.

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು.

ಹೆಂಡತಿ ಅಡುಗೆಮನೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಅಂಗಡಿಗೆ ದಿಂಬಿನ ಗಲೀಬು ಹೊಲಿಯುತ್ತಿದ್ದಳು. ಆ ಕಿಟಕಿಯಿಂದ ಮನೆಮಾಡುಗಳ ಆಚೆ ಒಂದು ಬೆಟ್ಟ ಕಾಣಿಸುತ್ತಿತ್ತು. ಮದುವೆಯಾಗಿ ಬಂದ ವರ್ಷದಿಂದ ಅವಳು "ರೀ, ಒಂದ್ಸಲ ಅಲ್ಲಿಗೆ ಹೋಗಿ ಬರೋಣ" ಎನ್ನುತ್ತಲೇ ಇದ್ದಳು. ಅವನು "ಅದೆಲ್ಲ ನಮ್ಮಂಥೋರು ಹೋಗೋ ಜಾಗ ಅಲ್ಲ ಕಣೇ. ನನಗೆ ಮಂಡಿ ನೋವು ಬೇರೆ" ಎನ್ನುತ್ತಲೇ ಇದ್ದ.

ಬಾಗಿಲು ದಾಟುವಾಗ ಹೊಲಿಗೆ ಯಂತ್ರ ನಿಂತಿತು.

"ಮಂಡಿ ಹೇಗಿದೆ?" ಎಂದಳು.

"ಇದೆ."

"ಇರಲೇಬೇಕು. ವಾರ ವಾರ ಬೆಟ್ಟ ಹತ್ತಿಳಿಯೋ ಮಂಡಿ. ಇಷ್ಟು ವರ್ಷ ಈ ಕಿಟಕೀಲಿ ಕೂತು ನಾನು ನೋಡ್ತಾ ಇರೋದು, ನೀವು ನನ್ನ ಬಿಟ್ಟು ಮೇಲೆ ನಿಂತು ನಮ್ಮನೆ ನೋಡ್ತಾ ಇರೋದು! ಗೋದಾಮಲ್ಲಿ ಕೆಲಸ ಅಂತೆ, ಕೆಲಸ!"

ಹಾಸಿಗೆ ಭಾಯಿಯ ಮುಂದೆ ಎರಡು ದಾರಿಗಳಿದ್ದವು. ಬೆಟ್ಟಕ್ಕೆ ಹೋಗಿಲ್ಲ, ಹಾಸಿಗೆಯ ಮೇಲೆ ಬಿದ್ದುಕೊಂಡಿದ್ದೆ ಎಂದು ಹೆಂಡತಿಯ ಮುಂದೆ ಒಪ್ಪಿಕೊಂಡರೆ ಬೆಳಗಾಗುವಷ್ಟರಲ್ಲಿ ಮಸೀದಿಗೆ ಮುಟ್ಟುತ್ತದೆ. ಒಪ್ಪಿಕೊಳ್ಳದಿದ್ದರೆ ಈ ಮನೆಯಲ್ಲಿ ಇನ್ನು ಅನ್ನ ನೀರಿಗೂ ಕಷ್ಟ. ಇಂಥ ಇಕ್ಕಟ್ಟಿನಲ್ಲಿ ಬುದ್ಧಿವಂತರು ಸುಮ್ಮನಿರುತ್ತಾರೆ. ಅವನು ಬಾಯಿ ತೆರೆದ.

"ನಿನ್ನ ಕರ್ಕೊಂಡು ಹೋಗೋಕೇ ಕಣೇ. ದಾರಿ ನೋಡಿಟ್ಟು ಬರ್ತಿದ್ದೆ. ನಿನ್ನ ಕಾಲಿಗೆ ಕಲ್ಲು ಮುಳ್ಳು ತಾಗಬಾರದಲ್ಲ."

ಅವಳ ಕಣ್ಣು ತುಂಬಿತು. ಆಮೇಲೆ ಏನಾಗಬಾರದಿತ್ತೋ ಅದೇ ಆಯಿತು. ಅವಳು ನಂಬಿಬಿಟ್ಟಳು.

ನಂಬಿದವಳು ಸುಮ್ಮನಿರುತ್ತಾಳೆಯೇ? ಅಕ್ಕನಿಗೆ ಫೋನು ಹಚ್ಚಿದಳು. ಅವಳ ಅಕ್ಕನ ಗಂಡ, ಅಂದರೆ ಹಾಸಿಗೆ ಭಾಯಿಯ ಷಡ್ಡಕ, ಔಷಧಿ ಅಂಗಡಿಯವನು, ಮನೆಯೊಳಗೇ ಓಡುವ ಯಂತ್ರ ಇಟ್ಟುಕೊಂಡು ಎಲ್ಲಿಗೂ ಹೋಗದೆ ದಿನಾ ಓಡುತ್ತಿದ್ದ ಮನುಷ್ಯ. "ನಮ್ಮೋರು ನಿನ್ನೆ ಇಷ್ಟು ಓಡಿದ್ರು" ಎಂದು ಅಕ್ಕ ಹೇಳಿಕೊಳ್ಳುತ್ತಿದ್ದುದನ್ನು ತಂಗಿ ವರ್ಷಗಟ್ಟಲೆ ನುಂಗಿಕೊಂಡಿದ್ದಳು. ಈಗ ಬಡ್ಡಿಸಮೇತ ತೀರಿಸಿದಳು.

"ನಮ್ಮೋರು ಬೆಟ್ಟ ಹತ್ತುತಾರೆ ಕಣಕ್ಕ. ನಿಜವಾದ್ದು. ಕರೆಂಟಿನದಲ್ಲ."

ಅಕ್ಕ ಕೊನೆಗೆ ಕೇಳಿದ್ದು ಒಂದೇ ಮಾತು: "ನೀನು ಕಣ್ಣಾರೆ ನೋಡಿದ್ಯೇನೇ?"

ಎರಡು ದಿನ ಬಿಟ್ಟು ಉದ್ಯಾನ ಇಲಾಖೆಯ ಅಧಿಕಾರಿಣಿಯೊಬ್ಬರು ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಹಿಂದೆ ಕಮಿಟಿ ಅಧ್ಯಕ್ಷರು. ಅಧಿಕಾರಿಣಿ 'ಬೆಟ್ಟ ಎಲ್ಲರದು' ಎಂಬ ಭಿತ್ತಿಪತ್ರ ಅಚ್ಚುಹಾಕಿಸಿ ಊರೆಲ್ಲ ಅಂಟಿಸಿದ್ದರಂತೆ, ಈ ಬಡಾವಣೆಯಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲವಂತೆ.

ಹಾಸಿಗೆ ಭಾಯಿ ಗೌರವದಿಂದ ಅಂಗಡಿಯ ಅತ್ಯಂತ ಮೆತ್ತನೆಯ ಹಾಸಿಗೆ ತೋರಿಸಿದ. ಅಧಿಕಾರಿಣಿ ಕೂತರು, ಸೊಂಟದವರೆಗೂ ಮುಳುಗಿದರು.

"ನಿಮ್ಮವರು ಯಾಕೆ ಬೆಟ್ಟಕ್ಕೆ ಬರೋದಿಲ್ಲ?" ಎಂದು ಆ ಆಳದಿಂದಲೇ ಕೇಳಿದರು.

"ಯಾರೂ ಕರೀಲಿಲ್ಲವಲ್ಲ ಮೇಡಂ," ಎಂದರು ಅಧ್ಯಕ್ಷರು.

"ಬೆಟ್ಟಕ್ಕೆ ಕರೀಬೇಕಾ?"

"ಕರೀದೆ ನಾವು ಮದುವೆ ಮನೆಗೇ ಹೋಗೋದಿಲ್ಲ. ನಿಮ್ಮ ಭಿತ್ತಿಪತ್ರ ನೋಡಿದೆ. ಅದರಲ್ಲಿರೋ ಐದು ಜನಾನೂ ಒಬ್ಬರಿಗೊಬ್ಬರು ಅಣ್ಣ ತಮ್ಮಂದಿರ ಥರ ಇದಾರೆ. ಯಾರದೋ ಮನೆ ಫಂಕ್ಷನ್ ಇರಬೇಕು, ನಾವ್ಯಾಕೆ ಮಧ್ಯೆ ಹೋಗೋದು ಅಂದುಕೊಂಡ್ವಿ."

ಅಧಿಕಾರಿಣಿ ಮೇಲೇಳಲು ಪ್ರಯತ್ನಿಸಿ ಇನ್ನಷ್ಟು ಮುಳುಗಿದರು. "ಹಾಗಾದ್ರೆ ಈಗ ಕರೀತಿದೀನಿ. ಬಾಯಿ ತುಂಬಾ ಕರೀತಿದೀನಿ. ಮುಂದಿನ ಭಾನುವಾರ ಎಲ್ಲರೂ ಬನ್ನಿ, ನಾವು ತುದೀಲಿ ಬ್ಯಾನರ್ ಕಟ್ಟಿಕೊಂಡು ಕಾಯ್ತಿರ್ತೀವಿ. ಮುಂದಾಳು ನಿಮ್ಮೋರೇ ಇದಾರಂತಲ್ಲ?"

"ಇದಾನೆ, ಇಗೋ!" ಎಂದು ಅಧ್ಯಕ್ಷರು ಹಾಸಿಗೆ ಭಾಯಿಯ ಬೆನ್ನು ತಟ್ಟಿದರು. "ಆ ಬೆಟ್ಟದ ಕಲ್ಲು ಕಲ್ಲೂ ಇವನ ಪರಿಚಯ."

ಇಬ್ಬರೂ ಸೇರಿ ಅಧಿಕಾರಿಣಿಯನ್ನು ಹಾಸಿಗೆಯಿಂದ ಎತ್ತಿ ನಿಲ್ಲಿಸಿದರು. ಅವರು ಹೋಗುವಾಗ ಅದೇ ಹಾಸಿಗೆಗೆ ಆರ್ಡರ್ ಕೊಟ್ಟು ಹೋದರು ಎಂಬುದನ್ನು ಹೇಳಲೇಬೇಕು.

ಆ ವಾರ ಹಾಸಿಗೆ ಭಾಯಿಗೆ ಊಟ ಸೇರಲಿಲ್ಲ. ಬೆಟ್ಟದ ದಾರಿಯನ್ನು ಯಾರ ಬಳಿ ಕೇಳುವುದು? ಕೇಳಬೇಕಾದವರೆಲ್ಲ ಅವನನ್ನೇ ಕೇಳುತ್ತಿದ್ದರು. "ಮೇಲೆ ಚಳಿ ಇರುತ್ತಾ ಭಾಯಿ?" "ಇರುತ್ತೆ." "ಹಾವು?" "ಅವರವರ ನಸೀಬು."

ಶುಕ್ರವಾರದ ನಮಾಜಿಗೆ ನಿಂತಾಗ ಪರಿಹಾರ ಹೊಳೆಯಿತು. ನಮಾಜಿಗೆ ಮುಖ ಮಾಡಿ ನಿಲ್ಲುವ ದಿಕ್ಕಿಗೆ ಕಿಬ್ಲಾ ಎನ್ನುತ್ತಾರೆ. ಆ ಮಸೀದಿಯ ಕಿಬ್ಲಾ ಗೋಡೆಯಲ್ಲಿ, ಇಮಾಮರು ನಿಲ್ಲುವ ಕಮಾನಿನ ಮೇಲೆ, ಒಂದು ಗಾಜಿನ ಕಿಟಕಿ. ಕಿಟಕಿಯ ನಟ್ಟನಡುವೆ ಬೆಟ್ಟದ ತುದಿ! ಇಷ್ಟು ವರ್ಷ ದಿನಕ್ಕೆ ಐದು ಹೊತ್ತು ಆ ಬೆಟ್ಟಕ್ಕೇ ಮುಖ ಮಾಡಿ ನಿಂತಿದ್ದರೂ ಒಬ್ಬರೂ ಅಲ್ಲಿಗೆ ಹೋಗಿರಲಿಲ್ಲ. ಹಾಸಿಗೆ ಭಾಯಿಯ ಫೋನಿನಲ್ಲಿ ಎಲ್ಲಿದ್ದರೂ ಕಿಬ್ಲಾ ತೋರಿಸುವ ಮುಳ್ಳೊಂದಿತ್ತು. ಕಿಬ್ಲಾ ಇದ್ದ ಕಡೆ ಬೆಟ್ಟ. ಮುಳ್ಳು ಇದ್ದ ಕಡೆ ಕಿಬ್ಲಾ. ಆದ್ದರಿಂದ ಮುಳ್ಳು ಹಿಡಿದು ನಡೆದರೆ ಬೆಟ್ಟ. ಈ ತರ್ಕದಲ್ಲಿ ಲೋಪ ಹುಡುಕಲು ಅವನಿಂದ ಆಗಲಿಲ್ಲ. ಆ ರಾತ್ರಿ ಹೊಟ್ಟೆ ತುಂಬ ಉಂಡ.

ಭಾನುವಾರ ಬೆಳಿಗ್ಗೆ ಮಸೀದಿಯ ಮುಂದೆ ಬಸ್ಸು ನಿಂತಿತು. ಅಧ್ಯಕ್ಷರು ಮಡಚುವ ಕುರ್ಚಿ ತಂದಿದ್ದರು. ಇಮಾಮರ ಕೈಯಲ್ಲಿ ಕೊಡೆ. ಹಾಸಿಗೆ ಭಾಯಿಯ ಹೆಂಡತಿಯ ಚೀಲದಲ್ಲಿ ಮೂರು ಬಸ್ಸಿಗೆ ಸಾಲುವಷ್ಟು ತಿಂಡಿ. ಕಡಲಾಚೆಯಿಂದ ಬಂದು ಎದುರು ಸಾಲಿನಲ್ಲಿ ಬೇಕರಿ ಇಟ್ಟಿದ್ದ ಗಂಡ ಹೆಂಡತಿಯೂ ಹತ್ತಿದರು. ಅವರು ಮಸೀದಿಗೆ ಸೇರಿದವರಲ್ಲ, ಆದರೆ ಅವರನ್ನೂ ಈವರೆಗೆ ಯಾರೂ ಬೆಟ್ಟಕ್ಕೆ ಕರೆದಿರಲಿಲ್ಲ. ಕೊನೆಗೆ ಷಡ್ಡಕ ಬಂದ. ಎರಡು ಕೈಯಲ್ಲಿ ಎರಡು ಊರುಗೋಲು, ಹಣೆಗೆ ದೀಪ, ಬೆನ್ನಿಗೆ ಕೊಳವೆಯಿಟ್ಟ ನೀರಿನ ಚೀಲ, ಪಕ್ಕದಲ್ಲಿ ಕಣ್ಣಾರೆ ನೋಡಲು ಬಂದ ಅಕ್ಕ.

"ದಾರಿ ಗೊತ್ತು ತಾನೇ?" ಎಂದ ಷಡ್ಡಕ, ಎಲ್ಲರಿಗೂ ಕೇಳುವ ಹಾಗೆ.

"ಗೊತ್ತಿಲ್ಲದೇ ಏನು ಭಾವ?" ಎಂದು ಉತ್ತರ ಕೊಟ್ಟವಳು ಹೆಂಡತಿ. "ನನಗೋಸ್ಕರ ನೋಡಿಟ್ಟಿರೋ ದಾರಿ."

ಹಾಸಿಗೆ ಭಾಯಿ ಬಸ್ಸು ಹತ್ತಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಇವತ್ತು ಎಡವಟ್ಟಾದರೆ ತನ್ನ ಮಾನ ಹೋದೀತು, ಪರವಾಗಿಲ್ಲ, ಅದೇನೂ ಬಹಳ ಇರಲಿಲ್ಲ. ಆದರೆ ಅಕ್ಕನ ಮುಂದೆ ಇವಳ ತಲೆ ತಗ್ಗಿದರೆ?

ಬೆಟ್ಟದ ಮುಂಬಾಗಿಲ ರಸ್ತೆ ಅಗೆದುಹಾಕಿದ್ದರು. ಡ್ರೈವರು "ಹಿಂದಿನಿಂದ ಬಿಡ್ತೀನಿ, ಬೆಟ್ಟ ಒಂದೇ ಅಲ್ವಾ?" ಎಂದು ಸುತ್ತುಬಳಸಿ ಕೊಂಡೊಯ್ದು ಬೆಟ್ಟದ ಬೆನ್ನಿಗೆ ಇಳಿಸಿಬಿಟ್ಟ. ಈಗ ಬೆಟ್ಟ ಅವರ ಹಿಂದಿತ್ತು. ಮುಂದೆ ಇದ್ದದ್ದು, ಊರಿನಿಂದ ಕಾಣದಂತೆ ಅಡಗಿದ್ದ ಇನ್ನೊಂದು ಬೆಟ್ಟ, ಇದರ ಎರಡು ಪಟ್ಟು. ಎರಡನ್ನೂ ಮಂಜು ಮುಚ್ಚಿಕೊಂಡಿದ್ದರಿಂದ ಈ ವಿಷಯ ಯಾರಿಗೂ ತಿಳಿಯಲಿಲ್ಲ.

ಬಣ್ಣ ಮಾಸಿದ ಎರಡು ಬಾಣಗಳಿದ್ದವು, ಒಂದು ಆ ಕಡೆ, ಒಂದು ಈ ಕಡೆ. ಎಲ್ಲರೂ ಹಾಸಿಗೆ ಭಾಯಿಯ ಮುಖ ನೋಡಿದರು. ಅವನು ಫೋನು ತೆಗೆದ. ಮುಳ್ಳು ಒಂದು ಸುತ್ತು ತಿರುಗಿ ದೃಢವಾಗಿ ನಿಂತಿತು. ಅವನು ದೊಡ್ಡ ಬೆಟ್ಟದತ್ತ ಕೈ ಚಾಚಿದ.

"ಬಿಸ್ಮಿಲ್ಲಾ. ನೇರ ನಡೀರಿ."

ಮುಳ್ಳಿಗೆ ನೇರ ಎಂದರೆ ನೇರವೇ. ಎದುರಿಗೆ ಹಳ್ಳ ಬಂದರೆ ಹಳ್ಳ, ಬೇಲಿ ಬಂದರೆ ಬೇಲಿ. ದನ ಮೇಯುವ ಹುಲ್ಲುಗಾವಲಿನ ನಡುವೆ ಮೆರವಣಿಗೆ ಸಾಗಿದಾಗ ಹಸುಗಳು ಮೇಯುವುದನ್ನು ಬಿಟ್ಟು ಪಕ್ಕಕ್ಕೆ ಸರಿದು ದಾರಿ ಕೊಟ್ಟವು. ಹಳ್ಳದಲ್ಲಿ ಅಧ್ಯಕ್ಷರು ಕುರ್ಚಿ ಹಾಕಿ ನಡುನೀರಿನಲ್ಲಿ ಕೂತುಬಿಟ್ಟರು.

"ಆಹಾ! ಏನ್ ತಣ್ಣಗಿದೆ! ಇದನ್ನ ಇಷ್ಟು ದಿನ ನಮ್ಮಿಂದ ಮುಚ್ಚಿಟ್ಟಿದ್ಯಲ್ಲೋ ಭಾಯಿ!"

ಬೇಕರಿಯ ಹೆಂಗಸು, ಅಂಗಡಿಯಲ್ಲಿ ಮೂರು ಮಾತಿಗಿಂತ ಹೆಚ್ಚು ಆಡದವಳು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಬಂಡೆಯಿಂದ ಬಂಡೆಗೆ ನೆಗೆಯುತ್ತ ಹೊರಟಳು. "ನಮ್ಮೂರಲ್ಲಿ ಪಕ್ಕದ ಮನೆ ಅಂದ್ರೆ ಹೀಗೇ, ಬೆಟ್ಟದಾಚೆ!" ಎಂದು ಮೇಲಿನಿಂದ ಕೂಗಿದಳು. ಅವಳ ಗಂಡ ಬೆರಗಾಗಿ ಅವಳನ್ನೇ ನೋಡುತ್ತ ನಿಂತ, ಮರಳಿ ಹೆಣ್ಣು ನೋಡಲು ಬಂದವನ ಹಾಗೆ.

ಷಡ್ಡಕನ ಸ್ಥಿತಿ ಬೇರೆ ಇತ್ತು. ಒಂದು ಊರುಗೋಲು ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಇನ್ನೊಂದನ್ನು ಹಳ್ಳ ಕೊಂಡೊಯ್ದಿತು. "ಇದು ದಾರೀನೇ ಅಲ್ಲ!" ಎಂದು ಏದುಸಿರು ಬಿಡುತ್ತ ಹುಲ್ಲಿನ ಮೇಲೆ ಕುಸಿದ. "ಬಾಣ ಇಲ್ಲ, ಮೆಟ್ಟಿಲಿಲ್ಲ, ಕಂಬಿ ಇಲ್ಲ. ಇವನಿಗೆ ಏನೂ ಗೊತ್ತಿಲ್ಲ!"

"ಭಾವ," ಎಂದಳು ಹೆಂಡತಿ, ತಲೆವಸ್ತ್ರ ಬಿಗಿಮಾಡಿಕೊಳ್ಳುತ್ತ. "ನಿಮ್ಮ ಯಂತ್ರದಲ್ಲಿ ಮೇಲೆ ಹೋಗೋ ಗುಂಡಿ ಇಲ್ಲ ಅಂತ ಕಾಣುತ್ತೆ. ಏಳಿ, ನಮ್ಮ ಯಜಮಾನ್ರ ಹಿಂದೆ ಬನ್ನಿ."

ಅಕ್ಕ ಗಂಡನನ್ನು ಎತ್ತಲು ಬಗ್ಗಿದವಳು ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು.

ಇಮಾಮರು ಮಾತ್ರ ಮಾತಿಲ್ಲದೆ ಹಾಸಿಗೆ ಭಾಯಿಯ ಪಕ್ಕದಲ್ಲೇ ನಡೆಯುತ್ತಿದ್ದರು. ಒಂದು ತಿರುವಿನಲ್ಲಿ ಅವನ ಫೋನಿನ ಕಡೆ ಬಗ್ಗಿ, "ಇದು ಕಿಬ್ಲಾ ಮುಳ್ಳಲ್ವೇನಪ್ಪಾ?" ಎಂದು ಮೆಲ್ಲಗೆ ಕೇಳಿದರು.

ಹಾಸಿಗೆ ಭಾಯಿಯ ಮುಖ ಅರಳೆಯ ಬಣ್ಣಕ್ಕೆ ತಿರುಗಿತು. "ಹೌದು ಹಜರತ್."

ಇಮಾಮರು ಹಿಂದೆ ತಿರುಗಿ ನೋಡಿದರು. ಬಡಾವಣೆಗೆ ಬಡಾವಣೆಯೇ ಸಾಲಾಗಿ ಏರಿ ಬರುತ್ತಿತ್ತು. "ನಡಿ, ನಡಿ," ಎಂದರು. "ಈ ದಿಕ್ಕಿಗೆ ಜನರನ್ನ ತಿರುಗಿಸೋಕೆ ಎಷ್ಟು ವರ್ಷದಿಂದ ಒದ್ದಾಡ್ತಿದೀನಿ. ಮೊದಲನೇ ಸಾಲಿಗೆ ಹೀಗೆ ನುಗ್ಗಿ ಬರೋದನ್ನ ಇವತ್ತೇ ನೋಡಿದ್ದು."

ತುದಿ ಸಿಕ್ಕಿದ್ದು ಇದ್ದಕ್ಕಿದ್ದಂತೆ. ಇನ್ನೂ ಹತ್ತಬೇಕು ಎಂದು ಕಾಲೆತ್ತಿದರೆ ಮೇಲೆ ಏನೂ ಇರಲಿಲ್ಲ, ಆಕಾಶ ಮಾತ್ರ. ಎಲ್ಲರೂ ಹುಲ್ಲಿನ ಮೇಲೆ ಬಿದ್ದುಕೊಂಡರು. ಹೊತ್ತಾದಾಗ ಅಲ್ಲೇ ನಮಾಜಿಗೆ ನಿಂತರು. ಹೊಸ ಜಾಗಕ್ಕೆ ಹೋದಾಗ ಕಿಬ್ಲಾ ಯಾವ ಕಡೆ ಎಂದು ಹತ್ತು ಜನ ಹತ್ತು ಕಡೆ ತೋರಿಸುವುದು ವಾಡಿಕೆ. ಅಂದು ಕೇಳುವವರೇ ಇರಲಿಲ್ಲ. ಬೆಳಗಿನಿಂದ ಅದೇ ಕಡೆ ನಡೆದು ಬಂದಿದ್ದರು. ಗಾಳಿ ಬಟ್ಟೆಗಳನ್ನೆಲ್ಲ ಬಾವುಟ ಮಾಡಿತು. ಅವರು ಸಲಾಮು ಹೇಳಿ ಮುಖ ತಿರುಗಿಸುವಷ್ಟರಲ್ಲಿ ಮಂಜು ಸರಿಯಿತು.

ಕೆಳಗೆ, ಬಹಳ ಕೆಳಗೆ, ಇನ್ನೊಂದು ಬೆಟ್ಟದ ತುದಿ ಕಾಣಿಸಿತು. ಅದರ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಯಾನರು. ಬ್ಯಾನರಿನ ಪಕ್ಕ ಇರುವೆಗಳಷ್ಟು ಜನ.

ಹಾಸಿಗೆ ಭಾಯಿಯ ಫೋನು ಹೊಡೆದುಕೊಂಡಿತು. ಗಾಬರಿಯಲ್ಲಿ ಯಾವ ಗುಂಡಿ ಒತ್ತಿದನೋ, ಅಧಿಕಾರಿಣಿಯ ದನಿ ಬೆಟ್ಟಕ್ಕೆಲ್ಲ ಕೇಳಿಸಿತು.

"ಎಲ್ಲಿದ್ದೀರಿ? ಆ ಮೇಲೆ ಕಾಣ್ತಿರೋದು ನೀವೇನಾ? ಅಯ್ಯೋ, ನೀವು ತಪ್ಪು ಬೆಟ್ಟದ ಮೇಲಿದ್ದೀರಿ!"

ತಿಂಡಿ ಡಬ್ಬಿ ತೆರೆಯುತ್ತಿದ್ದ ಕೈಗಳು ನಿಂತವು. ಷಡ್ಡಕ, ಅಲ್ಲಿಯವರೆಗೆ ಹೆಣದ ಹಾಗೆ ಮಲಗಿದ್ದವನು, ತಟಕ್ಕನೆ ಎದ್ದು ಕೂತ. "ನಾನು ಹೇಳಲಿಲ್ವಾ?" ಎಂದ. ಅಕ್ಕ ತಂಗಿಯನ್ನು ನೋಡಿದಳು. ಎಲ್ಲರೂ ಹಾಸಿಗೆ ಭಾಯಿಯನ್ನು ನೋಡಿದರು. ಹಾಸಿಗೆ ಭಾಯಿ ಹುಲ್ಲನ್ನು ನೋಡಿದ.

ಹೆಂಡತಿ ಎದ್ದು ಬಂದು ಅವನ ಕೈಯಿಂದ ಫೋನು ತೆಗೆದುಕೊಂಡಳು.

"ನಮಸ್ಕಾರಮ್ಮ," ಎಂದಳು. "ನೀವು ಇರೋ ಕಡೆಯಿಂದ ನಾವು ಮೇಲೆ ಕಾಣ್ತೀವಾ, ಕೆಳಗೆ ಕಾಣ್ತೀವಾ?"

"ಮೇಲೆ..."

"ಹಾಗಾದ್ರೆ ತಪ್ಪು ಬೆಟ್ಟದ ಮೇಲಿರೋದು ನೀವು. ಬ್ಯಾನರ್ ಬಿಚ್ಚಿಕೊಂಡು ಇಲ್ಲಿಗೇ ಬನ್ನಿ. ತಿಂಡಿ ಬೇಕಾದಷ್ಟಿದೆ."

ಎದ್ದ ಚಪ್ಪಾಳೆಗೆ ಎಲ್ಲಿಂದಲೋ ಹಕ್ಕಿಗಳ ಹಿಂಡೇ ಹಾರಿಹೋಯಿತು. ಅಧ್ಯಕ್ಷರು ಕುರ್ಚಿಯ ಮೇಲೆ ಹತ್ತಿ ನಿಂತು, ಇನ್ನೂ ಒಂದು ಮೊಳ ಎತ್ತರವಾಗಿ, ಕೆಳಗಿನ ಬೆಟ್ಟಕ್ಕೆ ಕೈ ಬೀಸಿದರು. ಫೋನಿನ ಆಚೆಯಿಂದ ಅಧಿಕಾರಿಣಿ ಮೆತ್ತಗೆ ಕೇಳಿದರು: "ಬರ್ತೀವಿ. ಆದ್ರೆ ದಾರಿ? ಆ ಬೆಟ್ಟಕ್ಕೆ ನಮ್ಮ ಇಲಾಖೆಯೋರು ಯಾರೂ ಹತ್ತಿದ ನೆನಪಿಲ್ಲ. ನಿಮ್ಮ ಯಜಮಾನ್ರಿಗೆ ಕೊಡಿ."

ಫೋನು ಮತ್ತೆ ಹಾಸಿಗೆ ಭಾಯಿಯ ಕೈಗೆ ಬಂತು. ಅವನು ಹೆಂಡತಿಯ ಮುಖ ನೋಡಿದ. ಗಾಳಿಗೆ, ಬಿಸಿಲಿಗೆ, ಗೆಲುವಿಗೆ ಅದು ಕೆಂಪಾಗಿತ್ತು. ಆ ಮುಖಕ್ಕೆ ಇನ್ನೊಂದು ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ನನಗೆ ದಾರಿ ಗೊತ್ತಿಲ್ಲ ಮೇಡಂ," ಎಂದ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. "ನಾನು ಯಾವತ್ತೂ ಬೆಟ್ಟ ಹತ್ತಿದೋನಲ್ಲ. ಇವತ್ತೇ ಮೊದಲು."

"ನೋಡಿದ್ರಾ!" ಎಂದರು ಅಧ್ಯಕ್ಷರು, ಕುರ್ಚಿಯ ಮೇಲಿಂದಲೇ, ಗದ್ಗದಿತರಾಗಿ. "ಇಷ್ಟು ಜನರನ್ನ ಇಷ್ಟೆತ್ತರಕ್ಕೆ ತಂದು ನಿಲ್ಲಿಸಿ ನನಗೇನೂ ಗೊತ್ತಿಲ್ಲ ಅಂತಾನೆ! ಇದಕ್ಕೇ ಕಣ್ರೀ ದೊಡ್ಡತನ ಅನ್ನೋದು!"

"ಮಾಷಾ ಅಲ್ಲಾಹ್!" ಎಂದಿತು ಗುಂಪು. ಇಮಾಮರು ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಕೊಡೆ ಬಹಳ ಹೊತ್ತು ಅಲುಗಾಡುತ್ತಿತ್ತು. ಷಡ್ಡಕ ಕೂಡ "ಅಹಂಕಾರ ಇಲ್ಲ ಬಿಡಿ ಮನುಷ್ಯನಿಗೆ" ಎಂದು ಗೊಣಗಿ ಮೊಟ್ಟೆಯ ಸಿಪ್ಪೆ ಸುಲಿಯತೊಡಗಿದ.

ಅವನ ಮಾತು ನಂಬಿದವಳು ಹೆಂಡತಿ ಒಬ್ಬಳೇ. ಅವಳು ಅವನ ಪಕ್ಕದ ಬಂಡೆಯ ಮೇಲೆ ಬಂದು ಕೂತಳು.

"ನಿಜವಾಗ್ಲೂ?" ಎಂದಳು ಪಿಸುದನಿಯಲ್ಲಿ.

"ನಿಜ ಕಣೇ."

"ಒಂದ್ಸಲವೂ ಬಂದಿಲ್ಲ?"

"ಇಲ್ಲ."

"ಹಾಗಾದ್ರೆ ನನ್ನ ಬಿಟ್ಟು ನೀವೊಬ್ಬರೇ ಯಾವತ್ತೂ ಬಂದಿಲ್ಲ?"

ಬೈಗುಳಕ್ಕೆ ತಲೆ ಒಡ್ಡಿ ಕೂತಿದ್ದ ಹಾಸಿಗೆ ಭಾಯಿ, ಅವಳ ದನಿಯಲ್ಲಿ ಏನೋ ಬೇರೆಯೇ ಕೇಳಿಸಿ ಕತ್ತೆತ್ತಿ ನೋಡಿದ. ಅವಳು ನಗುತ್ತಿದ್ದಳು. ಮನೆಯ ಕಿಟಕಿ ಎಲ್ಲಿದೆಯೋ ಎಂದು ಕೆಳಗೆ ಹುಡುಕುವುದನ್ನೂ ಬಿಟ್ಟು ಅವನನ್ನೇ ನೋಡಿ ನಗುತ್ತಿದ್ದಳು.

"ಏನೇ ಅದು ಗುಸುಗುಸು?" ಎಂದು ಆಚೆಯಿಂದ ಅಕ್ಕ ಕೂಗಿದಳು.

"ಏನಿಲ್ಲ ಕಣಕ್ಕ," ಎಂದು ತಂಗಿ ಬೆಟ್ಟಕ್ಕೆಲ್ಲ ಕೇಳುವಂತೆ ಉತ್ತರಿಸಿದಳು. "ಬರೋ ವಾರ ಯಾವ ಬೆಟ್ಟ ಅಂತ ಇವರನ್ನ ಕೇಳ್ತಿದ್ದೆ. ಇದಕ್ಕಿಂತ ಎತ್ತರದ್ದು ಅಂತಿದಾರೆ."